ಕಾಯಂ ವಿಳಾಸ

2025ರ ಮಳೆಗಾಲದ ಒಂದು ಭಾನುವಾರ. ಹೊರಗೆ ಡೊಂಬಿವಲಿಯ ಮಳೆ ಧೋ ಎಂದು ಸುರಿಯುತ್ತಿತ್ತು. ಮಗಳು ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಲೆಕ್ಕ ಹಾಕುತ್ತಿದ್ದವಳು, "ಅಪ್ಪಾ, ನಂದು 481 ಆತು" ಅಂದಳು.

ಯಾವ ಪರೀಕ್ಷೆ ಅಂತ ಕೇಳಬೇಡಿ. ಕೆನಡಾದಲ್ಲಿ ಕಾಯಂ ನೆಲೆಸಲು ಬಯಸುವವರಿಗೆ ಕೊಡುವ ಅಂಕ ಅದು, 1200ಕ್ಕೆ. 2015ರ ಜನವರಿಯಿಂದ ನಡೆದುಬಂದಿರುವ ಈ ಪದ್ಧತಿಗೆ ಎಕ್ಸ್‌ಪ್ರೆಸ್ ಎಂಟ್ರಿ ಅಂತ ಹೆಸರು. ವಯಸ್ಸು, ಓದು, ಭಾಷೆ, ಕೆಲಸದ ಅನುಭವ, ಎಲ್ಲಕ್ಕೂ ಅಂಕ. ಹೆಚ್ಚು ಅಂಕ ಇದ್ದವರನ್ನು ಸುತ್ತು ಸುತ್ತಾಗಿ ಕರೆಯುತ್ತಾರೆ. ಮಗಳು ಫಿಸಿಯೋಥೆರಪಿಸ್ಟ್. ಆರೋಗ್ಯದ ಕೆಲಸದವರಿಗೆ ಬೇರೆ ಸುತ್ತುಗಳಿರುವುದರಿಂದ ಅವಳಿಗೆ ಆಸೆ.

ಆದರೆ ಅವಳಿಗೆ ಒಂದೇ ಧಾವಂತ. ಮದುವೆಯಾಗದವರಿಗೆ ಇಪ್ಪತ್ತರಿಂದ ಇಪ್ಪತ್ತೊಂಬತ್ತರವರೆಗೆ ವಯಸ್ಸಿನ ಅಂಕ 110. ಮೂವತ್ತು ತುಂಬಿದ ದಿನವೇ 105. ಆಮೇಲೆ ವರ್ಷವರ್ಷವೂ ಇಳಿಮುಖ. ನವೆಂಬರಿನಲ್ಲಿ ಅವಳಿಗೆ ಮೂವತ್ತು. ಹುಟ್ಟುಹಬ್ಬಕ್ಕೆ ಹೋಳಿಗೆ ಮಾಡುವ ಮನೆ ನಮ್ಮದು, ಈ ಸಲ ಮಾತ್ರ ಹುಟ್ಟುಹಬ್ಬ ಬರುತ್ತದಲ್ಲಾ ಅಂತ ಎಲ್ಲರಿಗೂ ದಿಗಿಲು.

"ನಂದೂ ಒಂದ್ ಸಲ ಹಾಕಿ ನೋಡವಾ" ಅಂದೆ.

"ನಲವತ್ತೈದರ ಮ್ಯಾಲೆ ವಯಸ್ಸಿಗೆ ಸೊನ್ನಿ ಅಪ್ಪಾ."

"ಕನ್ನಡಕ್ಕ?"

"ಇಂಗ್ಲಿಷ್, ಫ್ರೆಂಚ್ ಎರಡಕ್ಕ ಅಷ್ಟ."

ಕನ್ನಡ, ಮರಾಠಿ, ಹಿಂದಿ ಮೂರನ್ನೂ ಹರುಕುಮುರುಕು ಬೆರೆಸಿ ಈ ಊರಲ್ಲಿ ಸಂಸಾರ ಕಟ್ಟಿದವನಿಗೆ ಅಲ್ಲಿ ಏನೂ ಕಿಮ್ಮತ್ತಿಲ್ಲ ಅಂತಾಯಿತು. ಇಬ್ಬರೂ ನಕ್ಕೆವು.

ಹುಟ್ಟುಹಬ್ಬಕ್ಕೆ ಮೊದಲೇ ಕರೆ ಬಂತು. ಬಂದ ಮೇಲೆ ಅರ್ಜಿ ಸಲ್ಲಿಸಲು 60 ದಿನ. ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಪ್ರಮಾಣಪತ್ರ, ಅವರು ಒಪ್ಪಿದ ಡಾಕ್ಟರಿಂದಲೇ ತಪಾಸಣೆ, ಹತ್ತು ವರ್ಷ ಎಲ್ಲೆಲ್ಲಿದ್ದೆ, ಏನೇನು ಮಾಡಿದೆ ಅನ್ನುವುದರ ಲೆಕ್ಕ. ನಡುವೆ ಒಂದು ತಿಂಗಳೂ ಖಾಲಿ ಇರಬಾರದು. ತಂದೆತಾಯಿಯ ಹುಟ್ಟಿದ ದಿನಾಂಕವೂ ಬೇಕು. ನನ್ನದು ಜೂನ್ 1, ನಮ್ಮ ಕಾಲದ ಅರ್ಧ ಊರಿನವರ ಹಾಗೆ, ಮಾಸ್ತರರು ಬರೆದದ್ದು. "ಖರೇ ದಿನಾ ಯಾವ್ದು?" ಅಂದಳು. "ನಿಮ್ಮ ಅಜ್ಜಿ ಜ್ವಾಳದ ಸುಗ್ಗ್ಯಾಗ ಹುಟ್ಟೀದಿ ಅಂತಿದ್ದಳು" ಅಂದೆ. ಸುಗ್ಗಿಗೆ ಆ ಫಾರ್ಮಿನಲ್ಲಿ ಜಾಗ ಇರಲಿಲ್ಲ.

ನಾನು ಬಂದದ್ದು ನೆನಪಾಯಿತು. 1984. ಹುಬ್ಬಳ್ಳಿಯಿಂದ ಮೀರಜಿಗೆ ಸಣ್ಣ ಗಾಡಿ, ಅಲ್ಲಿ ಇಳಿದು ಮುಂಬಯಿಗೆ ದೊಡ್ಡ ಗಾಡಿ. ಒಂದು ಟ್ರಂಕು, ಡೊಂಬಿವಲಿಯಲ್ಲಿ ರೂಮು ಮಾಡಿಕೊಂಡಿದ್ದ ನಮ್ಮೂರವನೊಬ್ಬನ ವಿಳಾಸದ ಚೀಟಿ. ವಯಸ್ಸೆಷ್ಟು, ಎಷ್ಟು ಭಾಷೆ ಬರುತ್ತದೆ, ಕಿಸೆಯಲ್ಲಿ ಎಷ್ಟಿದೆ ಅಂತ ಯಾರೂ ಕೇಳಲಿಲ್ಲ. ಆದರೆ ರೇಷನ್ ಕಾರ್ಡಿಗೆ ಆರು ವರ್ಷ ಹಿಡಿಯಿತು. ಈ ಊರನ್ನು ನಮ್ಮೂರು ಅನ್ನಲು ಇನ್ನೂ ಹೆಚ್ಚು.

ಅನ್ನುತ್ತಿದ್ದೆನೋ ಇಲ್ಲವೋ, ಬರೆಯುತ್ತಿರಲಿಲ್ಲ. ಬ್ಯಾಂಕು, ಪ್ರಾವಿಡೆಂಟ್ ಫಂಡು, ಮಗಳ ಶಾಲೆ, ಯಾವ ಫಾರ್ಮ್ ಬಂದರೂ "ಕಾಯಂ ವಿಳಾಸ" ಅಂತ ಇದ್ದಲ್ಲಿ ನನ್ನ ಕೈ ತಾನೇ ತಾನಾಗಿ ನವಲಗುಂದ ತಾಲೂಕು ಅಂತ ಬರೆಯುತ್ತಿತ್ತು. 2009ರಲ್ಲಿ ಅವ್ವ ಹೋದ ಮೇಲೆ ಆ ಮನೆಗೆ ಕೀಲಿ ಬಿತ್ತು. ಆಮೇಲೊಂದು ಮಳೆಗೆ ಹಿತ್ತಲ ಗೋಡೆಯೂ ಬಿತ್ತು. ಪತ್ರ ಹಾಕಿದರೆ ತಗೊಳ್ಳುವವರಿಲ್ಲ. ಆದರೂ ಅದೇ ಕಾಯಂ. ನಿಮ್ಮಲ್ಲೂ ಎಷ್ಟೋ ಮಂದಿ ಹೀಗೇ ಬರೆಯುತ್ತೀರಿ, ನನಗೆ ಗೊತ್ತು.

ಅರ್ಜಿಗೆ ಹಣವನ್ನೂ ತೋರಿಸಬೇಕಿತ್ತು. 2025ರ ಲೆಕ್ಕದಲ್ಲಿ ಒಬ್ಬರಿಗೆ 15,263 ಕೆನಡಾ ಡಾಲರ್, ನಮ್ಮ ಒಂಬತ್ತು ಲಕ್ಷಕ್ಕೂ ಮಿಕ್ಕಿ. ಸಾಲದ ಹಣ ನಡೆಯುವುದಿಲ್ಲ. ಅವಳ ಉಳಿತಾಯಕ್ಕೆ ನನ್ನ ನಿವೃತ್ತಿಯ ದುಡ್ಡು ಸೇರಿಸಿದೆ. ಅದು ಸಾಲವಲ್ಲ ಎಂದು ತೋರಿಸಲು ದಾನಪತ್ರ ಬೇಕು ಅಂತ ಸ್ಟೇಷನ್ ಪಕ್ಕದ ನೋಟರಿಯ ಹತ್ತಿರ ಹೋದೆವು.

ಟೈಪಿಸ್ಟ್ ಹುಡುಗ ಓದಿ ಹೇಳಿದ: ಈ ಹಣವನ್ನು ಮಗಳು ಮರಳಿ ಕೊಡಬೇಕಾಗಿಲ್ಲ. ನಾನು ಹೊರಡುವಾಗ ಅಪ್ಪ ಹತ್ತಿ ಮಾರಿದ ದುಡ್ಡಿನಲ್ಲಿ 300 ರೂಪಾಯಿ ಕೈಗಿಟ್ಟಿದ್ದ. ಅದಕ್ಕೆ ಯಾವ ಕಾಗದವೂ ಇರಲಿಲ್ಲ. ನಾನು ಅದನ್ನು ಮರಳಿ ಕೊಡಲೂ ಇಲ್ಲ, ಮರಳಿ ಹೋಗಲೂ ಇಲ್ಲ.

"ಕಾಕಾ, ಕಾಯಮಚಾ ಪತ್ತಾ ಸಾಂಗಾ" ಅಂದ ಹುಡುಗ.

ನವಲಗುಂದ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಮಗಳು ಪಕ್ಕದಲ್ಲೇ ನಿಂತಿದ್ದಳು. ಕಣ್ಣಿಂದಲೂ ನೋಡದ ದೇಶಕ್ಕೆ ಅವಳು ಕಾಯಂ ನಿವಾಸಿ ಆಗಲು ಹೊರಟಿದ್ದಾಳೆ. ಆ ಕಾಯಮ್ಮಿಗೂ ಲೆಕ್ಕ ಇದೆ. ಐದು ವರ್ಷದಲ್ಲಿ ಕನಿಷ್ಠ 730 ದಿನ ಅಲ್ಲಿರಬೇಕು, ಇಲ್ಲದಿದ್ದರೆ ಅದೂ ಕೈತಪ್ಪಬಹುದು. ಅಲ್ಲಿ ಸರಿಹೋಗದಿದ್ದರೆ, ಸುಮ್ಮನೆ ನೆನಪಾದರೆ, ಇವಳು ಬರುವುದೆಲ್ಲಿಗೆ? ಗೋಡೆ ಬಿದ್ದ ಆ ಮನೆಗಂತೂ ಅಲ್ಲ.

ಡೊಂಬಿವಲಿಯ ಫ್ಲ್ಯಾಟ್ ನಂಬರು ಹೇಳಿದೆ. ನಲವತ್ತೊಂದು ವರ್ಷದಲ್ಲಿ ಅದೇ ಮೊದಲ ಸಲ. ಮಗಳು ಒಮ್ಮೆ ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಹುಡುಗ ಟೈಪ್ ಮಾಡಿದ, ನಾನು ಸಹಿ ಹಾಕಿದೆ.

ಈಗ ವೀಸಾ ಅಂಟಿಸಿದ ಪಾಸ್‌ಪೋರ್ಟ್ ಬಂದಿದೆ, ಟಿಕೇಟೂ ಆಗಿದೆ. ನನ್ನ ಹೆಂಡತಿ ಶೇಂಗಾ ಚಟ್ನಿಪುಡಿ ಕುಟ್ಟುತ್ತಲೇ ಸೂಪರ್ ವೀಸಾದ ವಿಚಾರಣೆ ನಡೆಸಿದ್ದಾಳೆ. ಅದು ಸಿಕ್ಕರೆ ತಂದೆತಾಯಿ ಒಮ್ಮೆಗೆ ಐದು ವರ್ಷದವರೆಗೆ ಇರಬಹುದಂತೆ.

"ಹೋಗಿ ಬರೋಣು" ಅಂದೆ. "ಆದರ ಅಷ್ಟು ದಿನಾ ಬ್ಯಾಡ. ಮನಿಯೊಳಗ ಯಾರರ ಇರಬೇಕಲ್ಲ."