ಕಿವಿಗೆ ಎಣ್ಣೆ ಹನಿಸುವ ಮುನ್ನ

ಮನುಷ್ಯನಿಗೆ ದಯಪಾಲಿಸಲಾದ ಅನುಗ್ರಹಗಳನ್ನು ಪವಿತ್ರ ಕುರ್‌ಆನ್ ನೆನಪಿಸುವಾಗ ಅನೇಕ ಕಡೆಗಳಲ್ಲಿ ದೃಷ್ಟಿಗಿಂತ ಮೊದಲು ಶ್ರವಣವನ್ನು ಹೆಸರಿಸುತ್ತದೆ. ಏನನ್ನೂ ಅರಿಯದವರಾಗಿ ತಾಯಂದಿರ ಗರ್ಭದಿಂದ ಹೊರಬಂದ ನಮಗೆ ಅಲ್ಲಾಹನು ಕಿವಿ, ಕಣ್ಣು ಮತ್ತು ಹೃದಯಗಳನ್ನು ಕೊಟ್ಟದ್ದು ನಾವು ಕೃತಜ್ಞರಾಗಲೆಂದು ಎಂಬುದು ಸೂರಃ ಅನ್ನಹ್ಲ್‌ನ 78ನೇ ಸೂಕ್ತದ ಸಾರ. ಸೂರಃ ಅಲ್‌ಇಸ್ರಾದ 36ನೇ ಸೂಕ್ತವು ಇನ್ನೂ ಗಂಭೀರವಾದುದು. ನಿನಗೆ ಅರಿವಿಲ್ಲದ ವಿಷಯದ ಬೆನ್ನು ಹತ್ತಬೇಡ ಎಂದು ಆರಂಭವಾಗುವ ಅದು, ಕಿವಿ, ಕಣ್ಣು, ಹೃದಯಗಳೆಲ್ಲವುಗಳ ಕುರಿತು ವಿಚಾರಣೆಯಾಗಲಿದೆ ಎಂದು ಎಚ್ಚರಿಸುತ್ತದೆ. ಈ ಸೂಕ್ತವನ್ನು ನಾನು ಎಷ್ಟೋ ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ಅದು ನನಗೂ ಅನ್ವಯವಾಗುತ್ತದೆ ಎಂಬುದನ್ನು ಮಾತ್ರ ಒಬ್ಬ ಹತ್ತು ವರ್ಷದ ವಿದ್ಯಾರ್ಥಿಯ ಕಿವಿಯಿಂದ ಕಲಿತೆ.

ಆ ಬಾಲಕ ನಮ್ಮ ಮದ್ರಸದ ನಾಲ್ಕನೆಯ ತರಗತಿಯಲ್ಲಿದ್ದ. ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದ. ಸೀನ್ ಮತ್ತು ಶೀನ್ ಅಕ್ಷರಗಳನ್ನು ಅದಲುಬದಲು ಮಾಡುತ್ತಿದ್ದ. ಹೆಸರು ಹಿಡಿದು ಎರಡು ಸಲ ಕರೆದರೂ ತಲೆ ಎತ್ತುತ್ತಿರಲಿಲ್ಲ. ಅದನ್ನು ನಾನು ಉದಾಸೀನವೆಂದು ತಿಳಿದು ಹಲವು ಬಾರಿ ಎಲ್ಲರೆದುರು ಗದರಿಸಿದೆ. ಒಂದು ದಿನ ಅವನ ತಾಯಿ ಬಂದು, "ಉಸ್ತಾದ್, ಅವನಿಗೆ ಬಲಗಿವಿ ಸರಿಯಾಗಿ ಕೇಳಿಸುವುದಿಲ್ಲ. ನೆಗಡಿಯಾದಾಗಲೆಲ್ಲ ಸ್ವಲ್ಪ ಸೋರುತ್ತದೆ. ಬೆಳ್ಳುಳ್ಳಿ ಕಾಯಿಸಿದ ತೆಂಗಿನೆಣ್ಣೆ ಬಿಟ್ಟು ನೋಡಿದೆ" ಎಂದರು.

ನಾನು ಕಿವಿಯನ್ನು ನೋಡಲಿಲ್ಲ. ನೋಡಿದ್ದರೂ ನನಗೆ ಏನೂ ತಿಳಿಯುತ್ತಿರಲಿಲ್ಲ. ಆದರೂ, "ಗುಗ್ಗೆ ಗಟ್ಟಿಯಾಗಿರಬೇಕು" ಎಂದು ತೀರ್ಪು ಕೊಟ್ಟೆ. ಕರಿಜೀರಿಗೆಯಲ್ಲಿ ಮರಣದ ಹೊರತು ಎಲ್ಲ ರೋಗಗಳಿಗೂ ಶಮನವಿದೆ ಎಂಬ ಪ್ರವಾದಿ(ಸ)ರ ವಚನವನ್ನು ನೆನಪಿಸಿ, ನನ್ನ ಕಪಾಟಿನಲ್ಲಿದ್ದ ಕಲೋಂಜಿ ಎಣ್ಣೆಯ ಸೀಸೆಯನ್ನೇ ಕೊಟ್ಟೆ. ದಿನಕ್ಕೆ ಎರಡು ಹೊತ್ತು ಹನಿಸಿ, ಹತ್ತಿ ಸುತ್ತಿದ ಕಡ್ಡಿಯಿಂದ ಶುಚಿಗೊಳಿಸಿ ಎಂದೂ ಹೇಳಿದೆ. ಆ ತಾಯಿ ನಂಬಿದರು. ಹದೀಸ್ ಹೇಳಿದ ಉಸ್ತಾದರ ಮಾತನ್ನು ಅವರು ಯಾಕೆ ನಂಬಬಾರದು?

ಎರಡು ವಾರಗಳ ನಂತರ ಬಾಲಕನಿಗೆ ಜ್ವರ ಬಂತು. ನೋವಿನಿಂದ ರಾತ್ರಿಯಿಡೀ ಅಳುತ್ತಿದ್ದಾನೆಂದು ತಿಳಿದು ನಾನೂ ಅವರೊಂದಿಗೆ ಆಸ್ಪತ್ರೆಗೆ ಹೋದೆ. ವೈದ್ಯರು ಬೆಳಕಿನ ಕೊಳವೆಯಿಂದ ಪರೀಕ್ಷಿಸಿ, ಕಿವಿಯ ತಮಟೆಯಲ್ಲಿ ಹಳೆಯ ರಂಧ್ರವೊಂದಿದೆ, ಈಗ ಒಳಗೆ ಸೋಂಕೂ ಬೂಷ್ಟೂ ಸೇರಿಕೊಂಡಿವೆ ಎಂದರು. ಅಲ್ಲಿ ಗುಗ್ಗೆಯ ಗಡ್ಡೆ ಇರಲೇ ಇಲ್ಲ. "ಇದಕ್ಕೆ ಎಣ್ಣೆ ಬಿಡಲು ಯಾರು ಹೇಳಿದರು?" ಎಂದು ಅವರು ಕೇಳಿದಾಗ ಆ ತಾಯಿ ನನ್ನತ್ತ ನೋಡಲೂ ಇಲ್ಲ. "ಮನೆಮದ್ದು ಡಾಕ್ಟ್ರೇ" ಎಂದಷ್ಟೇ ಹೇಳಿ ತಲೆ ತಗ್ಗಿಸಿದರು. ನನ್ನ ಮಾನವನ್ನು ಕಾಪಾಡಲು ಆಕೆ ತಪ್ಪನ್ನು ತನ್ನ ಮೇಲೆ ಎಳೆದುಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ; ಬಾಯಿ ಬಿಡಲಿಲ್ಲ. ಎಣ್ಣೆ ಕೊಟ್ಟ ತಪ್ಪಿಗಿಂತ ಆ ಮೌನವೇ ಇಂದಿಗೂ ನನ್ನನ್ನು ಹೆಚ್ಚು ಚುಚ್ಚುತ್ತಿದೆ. ಮರುದಿನ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ವೈದ್ಯರಲ್ಲಿಗೂ ಹೋಗಿ ನಿಜ ಹೇಳಿದೆ. ಅವರು ನಿಷ್ಪಕ್ಷವಾಗಿ ವಿವರಿಸಿದರು: ರಂಧ್ರವನ್ನು ಎಣ್ಣೆ ಮಾಡಿದ್ದಲ್ಲ, ಆದರೆ ರಂಧ್ರವಿರುವ ಕಿವಿಗೆ ಬಿಟ್ಟ ಎಣ್ಣೆ ನೇರವಾಗಿ ನಡುಗಿವಿಗೆ ಇಳಿಯುತ್ತದೆ, ಸೋಂಕನ್ನು ಬೆಳೆಸುತ್ತದೆ, ಸರಿಯಾದ ಚಿಕಿತ್ಸೆಯನ್ನು ತಡಮಾಡುತ್ತದೆ.

ಅಂದು ಅವರಿಂದಲೂ ನಂತರದ ಓದಿನಿಂದಲೂ ನಾನು ತಿಳಿದುಕೊಂಡದ್ದನ್ನು ಪ್ರತಿಯೊಂದು ಮನೆಯವರೂ ತಿಳಿದಿರುವುದು ಒಳ್ಳೆಯದು.

ಗುಗ್ಗೆ ಕೊಳೆಯಲ್ಲ. ಕಿವಿಗೊಳವೆಯ ಹೊರಭಾಗದ ಗ್ರಂಥಿಗಳು ಅದನ್ನು ತಯಾರಿಸುತ್ತವೆ. ಧೂಳನ್ನೂ ಕೀಟವನ್ನೂ ತಡೆಯುವುದು, ಚರ್ಮ ಒಣಗದಂತೆ ನೋಡಿಕೊಳ್ಳುವುದು, ರೋಗಾಣುಗಳನ್ನು ಹತ್ತಿಕ್ಕುವುದು ಅದರ ಕೆಲಸ. ಕೊಳವೆಯ ಚರ್ಮ ಒಳಗಿನಿಂದ ಹೊರಕ್ಕೆ ನಿಧಾನವಾಗಿ ಸರಿಯುತ್ತದೆ. ನಾವು ಅಗಿಯುವಾಗ, ಮಾತನಾಡುವಾಗ ದವಡೆಯ ಚಲನೆಯೂ ಸೇರಿ ಹಳೆಯ ಗುಗ್ಗೆ ತಾನಾಗಿಯೇ ಹೊರಬರುತ್ತದೆ. ಕಿವಿ ತನ್ನನ್ನು ತಾನೇ ಶುಚಿಗೊಳಿಸುವಂತೆ ಸೃಷ್ಟಿಕರ್ತನು ವ್ಯವಸ್ಥೆ ಮಾಡಿರುವನು. ವಯಸ್ಕರಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಆ ಕೊಳವೆಯ ಕೊನೆಯಲ್ಲಿರುವ ತಮಟೆಯ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಬಡ್ಸ್, ಬೆಂಕಿಕಡ್ಡಿ, ಕೀಲಿಕೈ, ನಮ್ಮ ಹೆಣ್ಣುಮಕ್ಕಳ ಕೈಗೆ ಸದಾ ಸಿಗುವ ಹಿಜಾಬ್ ಪಿನ್ ಇವೆಲ್ಲವೂ ಗುಗ್ಗೆಯನ್ನು ಹೊರತೆಗೆಯುವ ಬದಲು ಒಳಕ್ಕೆ ಒತ್ತುತ್ತವೆ. ಕೈ ಜಾರಿದರೆ ತಮಟೆ ಹರಿಯುತ್ತದೆ.

ಹಾಗಾದರೆ ಮನೆಮದ್ದುಗಳೆಲ್ಲ ವ್ಯರ್ಥವೇ? ಅಲ್ಲ. ನೋವಿಲ್ಲದ, ಸೋರದ, ತಮಟೆಗೆ ಪೆಟ್ಟಾಗಿರದ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿದ್ದರೆ ಕೆಲವು ದಿನ ಎರಡು ಮೂರು ಹನಿ ಶುದ್ಧ ಆಲಿವ್ ಎಣ್ಣೆ ಬಿಡುವುದರಿಂದ ಅದು ಮೆದುವಾಗುತ್ತದೆ. ಔಷಧಾಲಯದಲ್ಲಿ ಸಿಗುವ ಸೋಡಿಯಂ ಬೈಕಾರ್ಬನೇಟ್ ಹನಿಗಳೂ ಅದೇ ಕೆಲಸ ಮಾಡುತ್ತವೆ. ಇವುಗಳಲ್ಲಿ ಒಂದು ಇನ್ನೊಂದಕ್ಕಿಂತ ಮೇಲು ಎಂಬುದಕ್ಕೆ ದೃಢವಾದ ಪುರಾವೆ ಇಲ್ಲ. ಕಾಯಿಸಿದ ಎಣ್ಣೆ ಮಾತ್ರ ಅಪಾಯಕಾರಿ. ಬೆರಳಿಗೆ ಹಿತವೆನಿಸಿದ ಬಿಸಿ ಕಿವಿಯ ಒಳಚರ್ಮವನ್ನು ಸುಡಬಹುದು. ತಣ್ಣೀರನ್ನೋ ಬಿಸಿನೀರನ್ನೋ ರಭಸವಾಗಿ ಬಿಟ್ಟರೆ ತಲೆಸುತ್ತು ಬರುತ್ತದೆ. ಕಿವಿಗೆ ಹಚ್ಚಿ ಉರಿಸುವ ಮೇಣದ ಬತ್ತಿ ಗುಗ್ಗೆಯನ್ನು ಹೀರುತ್ತದೆಂಬುದು ಸುಳ್ಳು. ಅದರ ತುದಿಯಲ್ಲಿ ಉಳಿಯುವುದು ಸುಟ್ಟ ಮೇಣವೇ. ಅಮೆರಿಕದ ಔಷಧ ನಿಯಂತ್ರಣ ಇಲಾಖೆಯೂ ಅದರ ವಿರುದ್ಧ ಎಚ್ಚರಿಕೆ ನೀಡಿದೆ. ಮಳೆಗಾಲದ ತೇವದಲ್ಲಿ ಕಿವಿಯೊಳಗೆ ಬೂಷ್ಟು ಬೆಳೆಯುವುದು ನಮ್ಮ ಕರಾವಳಿಯಲ್ಲಿ ಅಪರೂಪವಲ್ಲ. ಅಂತಹ ಕಿವಿಗೆ ಎಣ್ಣೆ ಬಿಡಬಾರದು. ಸೋರುವಿಕೆ, ನೋವು, ಜ್ವರ, ರಕ್ತ, ಹಠಾತ್ತನೆ ಕೇಳಿಸದಿರುವುದು ಇವುಗಳಲ್ಲಿ ಒಂದಿದ್ದರೂ ಮನೆಯಲ್ಲಿ ಪ್ರಯೋಗ ಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಮಗು ಆಟಿಕೆಯ ಗುಂಡಿ ಬ್ಯಾಟರಿಯನ್ನು ಕಿವಿಗೆ ತುರುಕಿಕೊಂಡಿದ್ದರೆ ಏನನ್ನೂ ಹನಿಸದೆ ತಕ್ಷಣ ಹೋಗಬೇಕು.

ಹಾಗಾದರೆ ಕರಿಜೀರಿಗೆಯ ಹದೀಸ್? ಅದು ಬುಖಾರಿ, ಮುಸ್ಲಿಮ್‌ಗಳಲ್ಲಿರುವ ಸತ್ಯವಚನ. ತಪ್ಪು ವಚನದ್ದಲ್ಲ, ಅದನ್ನು ಬಳಸಿದವನದ್ದು. ಆ ಮಾತು ಸಾಮಾನ್ಯ ರೂಪದಲ್ಲಿದ್ದರೂ ಅದರ ಉದ್ದೇಶ ನಿರ್ದಿಷ್ಟವಾದುದೆಂದು ಅಲ್‌ಖತ್ತಾಬಿಯಂತಹ ವ್ಯಾಖ್ಯಾನಕಾರರು ಬಹಳ ಹಿಂದೆಯೇ ವಿವರಿಸಿದ್ದಾರೆ. ಯಾವ ರೋಗ, ಎಷ್ಟು ಪ್ರಮಾಣ, ಯಾವ ವಿಧಾನ ಎಂಬುದನ್ನು ಬಲ್ಲವರು ನಿರ್ಧರಿಸಬೇಕು. ವೈದ್ಯವಿದ್ಯೆ ಅರಿಯದೆ ಚಿಕಿತ್ಸೆ ಮಾಡಿದವನು ಅದರ ಹಾನಿಗೆ ಹೊಣೆಗಾರನೆಂದು ಅಬೂದಾವೂದ್‌ನಲ್ಲಿರುವ ಹದೀಸ್ ಹೇಳುತ್ತದೆ. ಕರಿಜೀರಿಗೆಯ ಹದೀಸ್ ನನ್ನ ನಾಲಿಗೆಯ ತುದಿಯಲ್ಲಿತ್ತು. ಈ ಹದೀಸ್ ಅಂದು ನೆನಪಾಗಲಿಲ್ಲ.

ವುಝೂವಿನಲ್ಲಿ ಪ್ರವಾದಿವರ್ಯರು(ಸ) ತೋರುಬೆರಳುಗಳಿಂದ ಕಿವಿಯ ಒಳಬದಿಯನ್ನೂ ಹೆಬ್ಬೆರಳುಗಳಿಂದ ಹೊರಬದಿಯನ್ನೂ ಸವರುತ್ತಿದ್ದರು. ಒದ್ದೆ ಬೆರಳ ತುದಿ ಎಲ್ಲಿಯವರೆಗೆ ತಲುಪುತ್ತದೋ ಅಲ್ಲಿಯವರೆಗಿನ ಶುಚಿತ್ವವೇ ನಮ್ಮ ಪಾಲಿನ ಕೆಲಸ. ಅದರಾಚೆಗೆ ಕಡ್ಡಿ ಹಾಕಿ ಕೆದಕುವುದು ಸುನ್ನತ್ ಅಲ್ಲ. ರಮಝಾನಿನಲ್ಲಿ ಹನಿ ಔಷಧ ಬೇಕಾದವರು ಅದನ್ನು ಇಫ್ತಾರ್‌ನಿಂದ ಸಹರಿಯ ನಡುವೆ ಬಳಸಬಹುದೇ ಎಂದು ವೈದ್ಯರಲ್ಲಿ ವಿಚಾರಿಸಲಿ. ಉಪವಾಸದ ಬಗ್ಗೆ ಕರ್ಮಶಾಸ್ತ್ರ ವಿದ್ವಾಂಸರಲ್ಲಿರುವ ಭಿನ್ನಾಭಿಪ್ರಾಯದಿಂದಲೂ ಅದು ಪಾರಾಗುವ ದಾರಿ.

ನನ್ನ ಸಹೋದ್ಯೋಗಿಗಳಾದ ಅಧ್ಯಾಪಕರಲ್ಲಿ ಒಂದು ಮಾತು. ಪಾಠ ತಪ್ಪುವ ಮಗುವನ್ನು ಗದರಿಸುವ ಮುನ್ನ ಅದಕ್ಕೆ ಕೇಳಿಸುತ್ತಿದೆಯೇ ಎಂದು ನೋಡಿರಿ. ಕೆನ್ನೆಯ ಮೇಲೆ ಬೀಸಿದ ಒಂದು ಏಟು ಕಿವಿಗೆ ತಗುಲಿದರೂ ತಮಟೆ ಹರಿಯಬಹುದೆಂಬುದನ್ನು ಮರೆಯದಿರಿ. ಶ್ರವಣ ಪರೀಕ್ಷೆಗೆ ಜಿಲ್ಲಾ ಆಸ್ಪತ್ರೆಗಳಿವೆ. 1960ರ ದಶಕದಿಂದಲೂ ಈ ಕ್ಷೇತ್ರದಲ್ಲಿ ದುಡಿಯುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲಿಯೇ ಇದೆ.

ಆ ಬಾಲಕ ಈಗ ಮೊದಲ ಸಾಲಿನಲ್ಲಿ, ತನ್ನ ಎಡಗಿವಿ ನನ್ನ ಕಡೆಗಿರುವಂತೆ ಕುಳಿತುಕೊಳ್ಳುತ್ತಾನೆ. ಸೋರುವುದು ನಿಂತಿದೆ. ರಂಧ್ರ ಇನ್ನೂ ಇದೆ. ಮುಂದಿನ ರಜೆಯಲ್ಲಿ ಶಸ್ತ್ರಚಿಕಿತ್ಸೆಯಿಂದ ಅದನ್ನು ಮುಚ್ಚುವರೆಂದು ವೈದ್ಯರು ಹೇಳಿದ್ದಾರೆ. ಸೀನ್ ಮತ್ತು ಶೀನ್ ಈಗ ಬೇರೆ ಬೇರೆಯಾಗಿ ಕೇಳಿಸುತ್ತಿವೆ.

ತಲೆಗೆ ಗಾಯವಾಗಿದ್ದ ಒಬ್ಬರಿಗೆ ಜೊತೆಗಾರರು ಅರಿವಿಲ್ಲದೆ ಸ್ನಾನ ಕಡ್ಡಾಯವೆಂದು ತೀರ್ಪು ಕೊಟ್ಟರು. ಸ್ನಾನ ಮಾಡಿದ ಅವರು ಮರಣ ಹೊಂದಿದರು. ವಿಷಯ ತಿಳಿದ ಪ್ರವಾದಿ(ಸ)ರು ಬಹಳ ನೊಂದು, ತಿಳಿಯದಿದ್ದರೆ ಕೇಳಬಾರದಿತ್ತೇ, ಅಜ್ಞಾನಕ್ಕೆ ಮದ್ದು ಕೇಳುವುದೇ ಅಲ್ಲವೇ ಎಂಬರ್ಥದ ಮಾತನ್ನು ಆಡಿದರು. ನಮ್ಮ ಕನ್ನಡದಲ್ಲಿ ಕಿವಿಯಿಂದ ಆಲಿಸುವುದಕ್ಕೂ ಬಲ್ಲವರನ್ನು ಪ್ರಶ್ನಿಸುವುದಕ್ಕೂ 'ಕೇಳು' ಎಂಬ ಒಂದೇ ಪದವಿದೆ. ಅಂದು ನಾನು ಎರಡು ಅರ್ಥದಲ್ಲಿಯೂ ಕೇಳಲಿಲ್ಲ: ಆ ತಾಯಿಯ ಮಾತಿನಲ್ಲಿದ್ದ 'ಸೋರುತ್ತದೆ' ಎಂಬ ಪದವನ್ನು ಆಲಿಸಲಿಲ್ಲ, ಬಲ್ಲವರನ್ನು ವಿಚಾರಿಸಲೂ ಇಲ್ಲ.

ಅಲ್ಲಾಹನು ನಮ್ಮ ಮಕ್ಕಳ ಶ್ರವಣವನ್ನು ಕಾಪಾಡಲಿ. ಕೊಟ್ಟ ಕಿವಿಗಳ ಲೆಕ್ಕ ಒಪ್ಪಿಸುವ ದಿನ ನಮ್ಮನ್ನು ಕ್ಷಮಿಸಲಿ. ಆಮೀನ್.