ರೇನಿಯರ್ ಪರ್ವತದಲ್ಲಿ ಒಬ್ಬನೇ

ಒಂಬತ್ತನೆಯ ತರಗತಿಯ ಭೂಗೋಳದಲ್ಲಿ ಹಿಮನದಿಯ ಪಾಠ ಬಂದಾಗ ನಾನು ಕರಿಹಲಗೆಯ ಮೇಲೆ ಹಸುವಿನ ನಾಲಿಗೆಯಂಥದೊಂದು ಚಿತ್ರ ಬರೆದು, ಅಂಚಿಗೆ ಚುಕ್ಕೆಗಳನ್ನಿಟ್ಟು, ‘ಇವು ಹಿಮನದಿ ಹೊತ್ತು ತರುವ ಕಲ್ಲುಗಳು’ ಎನ್ನುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಮೂವತ್ತು ವರ್ಷ ಹಾಗೆ ಬರೆದೆ. ನಾನಾದರೋ ಹಿಮನದಿಯನ್ನು ಕಂಡವನಲ್ಲ. ಕಂಡದ್ದು 2022ರ ಆಗಸ್ಟ್‌ನಲ್ಲಿ, ಸಿಯಾಟಲ್‌ನಲ್ಲಿರುವ ಮಗನ ಮನೆಗೆ ಹೋಗಿದ್ದಾಗ.

ರೇನಿಯರ್ ಪರ್ವತವು 14,410 ಅಡಿ ಎತ್ತರದ ಜ್ವಾಲಾಮುಖಿ. ಅಲ್ಲಿನ ಮೂಲನಿವಾಸಿಗಳಿಗೆ ಅದು ತಹೋಮಾ. ಮೈತುಂಬ ಸುಮಾರು 25 ಹಿಮನದಿಗಳನ್ನು ಹೊದ್ದುಕೊಂಡಿದೆ. ಕಾರು ತಲಪುವ ಪ್ಯಾರಡೈಸ್ ಎಂಬ ತಾಣ 5,400 ಅಡಿಯಲ್ಲಿದೆ. ಅಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಸುಮಾರು ಒಂಬೈನೂರು ಅಡಿ ಕೆಳಗೆ. ಈ ಲೆಕ್ಕವೇ ನನ್ನನ್ನು ಕೆಡಿಸಿತು. ಜೊತೆಗೆ, 1890ರಲ್ಲಿ ಈ ಶಿಖರವೇರಿದ ಮೊದಲ ಮಹಿಳೆ ಫೇ ಫುಲ್ಲರ್ ಯೆಲ್ಮ್ ಎಂಬ ಊರಿನ ಶಾಲಾ ಶಿಕ್ಷಕಿಯಾಗಿದ್ದಳೆಂದು ಎಲ್ಲಿಯೋ ಓದಿದ್ದೆ. ಮೇಷ್ಟರ ಜಾತಿಗೆ ಅದೊಂದು ಹೆಮ್ಮೆ! (ಆಕೆ ಸಂಗಡಿಗರೊಡನೆ ಹೋದವಳೆಂಬುದನ್ನು ಮಾತ್ರ ಮರೆತಿದ್ದೆ.)

ಮೊಮ್ಮಗ ನಿದ್ದೆಹೋಗಿದ್ದ. ಮಗ, ಸೊಸೆ ಅವನ ಬಳಿ ಕುಳಿತರು. ‘ಎರಡೂವರೆ ಗಂಟೆಯಲ್ಲಿ ಬಂದುಬಿಡುತ್ತೇನೆ’ ಎಂದು ನೀರಿನ ಬಾಟಲಿ, ಸ್ವೆಟರು ಹಿಡಿದು ಹೊರಟೆ. ಕಾಲಲ್ಲಿ ಕ್ಯಾನ್ವಾಸ್ ಬೂಟು.

6,800 ಅಡಿಯ ಪನೋರಮಾ ಪಾಯಿಂಟ್ ಏರುವಷ್ಟರಲ್ಲಿ ಒಂದೂವರೆ ಗಂಟೆಯಾಯಿತು. ಎಡಗಡೆಯ ಕಣಿವೆಯಲ್ಲಿ ನಿಸ್ಕ್ವಾಲಿ ಹಿಮನದಿ. ನಾನು ಬರೆಯುತ್ತಿದ್ದ ಬಿಳಿಯ ನಾಲಿಗೆ ಅದಲ್ಲ. ಕೆಳಭಾಗವೆಲ್ಲ ಕಲ್ಲು, ಧೂಳು ಮೆತ್ತಿ ಜಲ್ಲಿ ಕ್ವಾರಿಯಂತೆ ಬೂದುಬಣ್ಣ. ಮೇಲೆ ಬಿರುಕುಗಳು ಬಾಯ್ದೆರೆದಲ್ಲಿ ಮಾತ್ರ ಒಳಗಿನ ನೀಲಿ. ನೋಡುತ್ತಿದ್ದಂತೆ ಎಲ್ಲಿಯೋ ಗುಡುಗಿದ ಹಾಗಾಯಿತು. ಆಕಾಶ ಶುಭ್ರವಾಗಿತ್ತು! ಹಿಮನದಿಯಲ್ಲಿ ಸದ್ದೂ ಇರುತ್ತದೆಂದು ನಾನು ಒಂದು ತರಗತಿಗೂ ಹೇಳಿರಲಿಲ್ಲ.

ಅಲ್ಲಿಂದಲೇ ತಿರುಗಿದ್ದರೆ ಕೊಟ್ಟ ಮಾತು ಉಳಿಯುತ್ತಿತ್ತು. ತಿರುಗಲಿಲ್ಲ. ಪೆಬಲ್ ಕ್ರೀಕ್ ಎಂಬ ಹಳ್ಳ ದಾಟಿದೊಡನೆ ಮ್ಯೂರ್ ಹಿಮಬಯಲು. ಹತ್ತು ಸಾವಿರ ಅಡಿಗೂ ಮೇಲಿರುವ ಕ್ಯಾಂಪ್ ಮ್ಯೂರ್‌ವರೆಗೆ ಹಿಮದ ಏರು. ಹಿಮನದಿಯ ಮೇಲೆ ಒಂಟಿಯಾಗಿ ಹೋಗಬೇಕಾದರೆ ಉದ್ಯಾನದ ಅಧಿಕಾರಿಯ ಪೂರ್ವಾನುಮತಿ ಬೇಕು; ಈ ಬಯಲಿಗೆ ಹಗಲಿನಲ್ಲಿ ಹೋಗಿ ಬರುವವರಿಗೆ ಅದು ಬೇಡ. ಅರ್ಧ ಗಂಟೆ ಏರಿದೆ. ಆಗ ಕೆಳಗಿನಿಂದ ಮಂಜು ಎದ್ದು ಬಂತು.

ನೆಲವೂ ಬಿಳಿ, ಆಕಾಶವೂ ಬಿಳಿ. ಏರು ಯಾವುದು ಇಳಿಜಾರು ಯಾವುದು ಎಂಬುದು ಪಾದಕ್ಕೆ ಮಾತ್ರ ಗೊತ್ತಾಗುತ್ತಿತ್ತು, ಕಣ್ಣಿಗಲ್ಲ. ಹೀಗೆ ದಾರಿ ತಪ್ಪಿದವರು ಒಂದು ಕಡೆ ನಿಸ್ಕ್ವಾಲಿಯ ಬಿರುಕುಗಳತ್ತ, ಇನ್ನೊಂದು ಕಡೆ ಪ್ಯಾರಡೈಸ್ ಹಿಮನದಿಯತ್ತ ಸರಿದು ಪ್ರಾಣ ಕಳೆದುಕೊಂಡದ್ದುಂಟೆಂದು ಆಮೇಲೆ ಓದಿದೆ. ಹತ್ತು ಹೆಜ್ಜೆ ಇಳಿದೆ. ನನ್ನದೇ ಹೆಜ್ಜೆಗುರುತು ಕಾಣದಾಯಿತು.

ಆಗ ನೆನಪಾದದ್ದು 1994ರ ನಮ್ಮ ಶಾಲಾ ಪ್ರವಾಸ. ಮುಳ್ಳಯ್ಯನಗಿರಿಯಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬ ಗುಂಪು ಬಿಟ್ಟು ಹೋಗಿ ಮಂಜಿನಲ್ಲಿ ಕಾಣೆಯಾಗಿದ್ದ. ಕೂಗಿ ಕೂಗಿ ನನ್ನ ಗಂಟಲು ಬಿದ್ದುಹೋಗಿತ್ತು. ಗಂಟೆಯ ಬಳಿಕ ತಾನಾಗಿಯೇ ನಡೆದು ಬಂದವನಿಗೆ ಎಲ್ಲರೆದುರು ಕೆನ್ನೆಗೆ ಹೊಡೆದೆ. ‘ಮಂಜು ಸರಿಯಲಿ ಅಂತ ನಿಂತಲ್ಲೇ ನಿಂತಿದ್ದೆ ಸಾರ್’ ಎಂದ. ಎದುರುತ್ತರವೆಂದು ಬಗೆದು ಇನ್ನೊಂದು ಕೊಟ್ಟೆ.

ನಾನೂ ನಿಂತಲ್ಲೇ ನಿಂತೆ. ಬಾಟಲಿಯ ನೀರು ಮುಗಿಯಿತು, ಬೆರಳು ಮರಗಟ್ಟಿತು. ಮುಕ್ಕಾಲು ಗಂಟೆಯ ಮೇಲೆ ಮಂಜು ತುಸು ಹರಿದು, ಊರುಗೋಲು ಹಿಡಿದು ಇಳಿಯುತ್ತಿದ್ದ ಇಬ್ಬರು ತರುಣರು ಕಂಡರು. ಅವರ ಬೆನ್ನು ಬಿಡದೆ ಇಳಿದೆ.

ಹೊರಟು ಐದು ಗಂಟೆಗೂ ಮೇಲಾಗಿತ್ತು. ಮಗ ಕಾಲುದಾರಿಯ ಬುಡದಲ್ಲಿ ನಿಂತಿದ್ದ. ಬೈಯಲಿಲ್ಲ. ತನ್ನ ಜಾಕೆಟ್ಟು ಬಿಚ್ಚಿ ನನಗೆ ಹೊದಿಸಿದ. ಜಿಪ್ಪು ಎಳೆಯುವಾಗ ಅವನ ಕೈ ನಡುಗುತ್ತಿತ್ತು.

ಆ ಹುಡುಗನ ಹೆಸರನ್ನು ಇಲ್ಲಿ ಬರೆಯಲಾರೆ. ಅವನಿಗೀಗ ನಲವತ್ತು ದಾಟಿದೆ. ಇದನ್ನು ಓದಿದರೆ ತನ್ನದೆಂದು ತಿಳಿಯುತ್ತದೆ. ಅಂದು ನೀನು ಮಾಡಿದ್ದೇ ಸರಿ ಮರಿ, ಹೊಡೆದದ್ದು ನನ್ನ ತಪ್ಪು. ನಿವೃತ್ತನಾದ ಮೇಲೂ ಮನೆ ಅದೇ, ಶಾಲೆಯ ಹಿಂದಿನ ಬೀದಿ. ಊರಿಗೆ ಬಂದಾಗ ಒಮ್ಮೆ ಬಾ.