ಮೊದಲು ನೀರು

1916ರ ಮೇ 5, ನಡುರಾತ್ರಿ. ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ‘ಜೇಮ್ಸ್ ಕೇರ್ಡ್’ ದೋಣಿಯ ಮೂತಿಯೊಳಗೆ ನೀವು ಮಲಗಿದ್ದೀರಿ. ಮಲಗಿದ್ದೀರಿ ಅನ್ನುವುದು ಹೆಸರಿಗಷ್ಟೇ. ದೋಣಿ ಮಗುಚದಿರಲೆಂದು ತುಂಬಿದ ಕಲ್ಲುಗಳು ಬೆನ್ನಿಗೆ ಒತ್ತುತ್ತಿವೆ. ಹಿಮಸಾರಂಗದ ತೊಗಲಿನ ಮಲಗುಚೀಲ ನೆನೆದು ಕೊಳೆತು ನಾರುತ್ತಿದೆ. ಅದರಿಂದ ಉದುರಿದ ಕೂದಲು ಊಟದಲ್ಲೂ ಬಾಯಿಗೆ ಸಿಗುತ್ತದೆ. ಉಪ್ಪುನೀರಿಗೆ ತೊಡೆಯ ಚರ್ಮ ಸುಲಿದು ಉರಿಯುತ್ತಿದೆ. ತಲೆಯ ಮೇಲೆ ಪೆಟ್ಟಿಗೆ ಮುಚ್ಚಳಗಳಿಗೆ ಬಡಗಿ ಮೆಕ್‌ನಿಶ್ ಬಿಗಿದ ಕ್ಯಾನ್ವಾಸ್, ಅಷ್ಟೇ ಮಾಡು.

ಇಪ್ಪತ್ತೆರಡೂವರೆ ಅಡಿ ಉದ್ದದ ದೋಣಿಯಲ್ಲಿ ಆರು ಜನ. ಹಿಂದೆ ಎಲಿಫೆಂಟ್ ದ್ವೀಪದಲ್ಲಿ 22 ಜನ ನಿಮ್ಮನ್ನೇ ನಂಬಿ ಕೂತಿದ್ದಾರೆ. ಮುಂದೆ ನೆರವು ಸಿಗಬಲ್ಲ ಸೌತ್ ಜಾರ್ಜಿಯಾ ದ್ವೀಪ. ದಿಕ್ಕು ತಪ್ಪಿದರೆ ಆಚೆಗೆ ಬರೀ ಸಾಗರ.

ಚುಕ್ಕಾಣಿ ಹಿಡಿದ ತಂಡದ ನಾಯಕ ಶ್ಯಾಕಲ್ಟನ್ ಕೂಗುತ್ತಾರೆ: ಆಕಾಶ ತಿಳಿಯಾಗುತ್ತಿದೆ! ನೈಋತ್ಯಕ್ಕೆ ಬೆಳ್ಳನೆಯ ಗೆರೆ. ನಿಮ್ಮ ಎದೆ ಹಗುರಾಗುತ್ತದೆ. ಮರುಗಳಿಗೆಯಲ್ಲೇ ಆ ದನಿ ಸೀಳಿಹೋಗುತ್ತದೆ. ಆ ಗೆರೆ ಅಲೆಯ ನೆತ್ತಿಯ ನೊರೆ! ಗಟ್ಟಿಯಾಗಿ ಹಿಡಿದುಕೊಳ್ಳಿ!

ದೋಣಿ ಮೇಲೇಳುತ್ತದೆ. ಯಾರೋ ಎತ್ತಿ ಬಿಸುಟ ಹಾಗೆ ಮುಂದಕ್ಕೆ ಹಾರುತ್ತದೆ. ಮೊರೆತ. ನೊರೆ. ಕತ್ತಲು. ಉಸಿರಿಗೆ ಬಾಯಿ ತೆರೆದರೆ ಉಪ್ಪು. ಅರ್ಧ ದೋಣಿ ನೀರು.

ಇಂಗ್ಲಿಷ್ ನಾವಿಕರು ‘ಸ್ವಾಂಪ್ಡ್’ ಅನ್ನುವುದು ಈ ಗಳಿಗೆಗೆ. ಕೆಲಸ ಮೈಮೇಲೆ ಬಿದ್ದಾಗ ಇಂದು ಆಫೀಸಿನಲ್ಲಿ ಆಡುವ ಮಾತೂ ಅದೇ. ಕುತ್ತಿಗೆವರೆಗೆ ಮುಳುಗಿದ್ದೇನೆ, ತಲೆಯೊಂದು ನೀರಿನ ಮೇಲಿದೆ ಎಂಬ ಇಂಗ್ಲಿಷಿನ ಇತರ ಮಾತುಗಳಲ್ಲೂ ಇದೇ ನೀರು, ಇದೇ ಭಯ.

ಪ್ರೈಮಸ್ ಸ್ಟೋವ್ ತೇಲುತ್ತಾ ಬಂದು ಮೊಣಕಾಲಿಗೆ ಬಡಿಯುತ್ತದೆ. ಹಿಡಿಯಬೇಕೇ? ಅದು ಹೋದರೆ ನಾಳೆಯಿಂದ ಬಿಸಿ ಅನ್ನುವುದೇ ಇಲ್ಲ. ಚಾಚಿದ ಕೈಯನ್ನು ಹಿಂದಕ್ಕೆಳೆಯುತ್ತೀರಿ. ಇಂಥದೇ ಇನ್ನೊಂದು ಅಲೆ ಬಂದರೆ ನಾಳೆಯೇ ಇಲ್ಲ. ಮೊದಲು ನೀರು. ಕೈಗೆ ಸಿಕ್ಕ ಡಬ್ಬಿಯಲ್ಲಿ ಮೊಗೆಯಿರಿ, ಚೆಲ್ಲಿ. ಮೊಗೆಯಿರಿ, ಚೆಲ್ಲಿ. ಬೆರಳುಗಳಿಗೆ ಸ್ಪರ್ಶ ತಿಳಿಯದು, ಡಬ್ಬಿ ಕೈಯಲ್ಲಿದೆಯೋ ಇಲ್ಲವೋ ಕಣ್ಣಿಗೂ ಕಾಣದು. ಪಕ್ಕದಲ್ಲಿ ಯಾರೋ ಏದುಸಿರು ಬಿಡುವ ಸದ್ದಿಗೆ ನಿಮ್ಮ ತೋಳೂ ಓಡುತ್ತದೆ. ಸುಮಾರು ಹತ್ತು ನಿಮಿಷ ಕಳೆದ ಮೇಲೆ ಕಾಲಡಿಯ ದೋಣಿ ಮತ್ತೆ ಜೀವ ಬಂದಂತೆ ಅಲುಗುತ್ತದೆ.

ಸ್ಟೋವ್ ಹೊತ್ತುವಾಗ ಬೆಳಗಿನ ಜಾವ ಮೂರು ಗಂಟೆ. ಮೇ 10ರಂದು ದೋಣಿ ಸೌತ್ ಜಾರ್ಜಿಯಾದ ದಡ ಮುಟ್ಟುತ್ತದೆ. ಆಗಸ್ಟ್ 30ರಂದು ಎಲಿಫೆಂಟ್ ದ್ವೀಪದ 22 ಮಂದಿಯೂ ಜೀವಸಹಿತ ಪಾರಾಗುತ್ತಾರೆ.